ಅಮ್ಮನ ಕಾಲಿನ ಕೆರೆತಕ್ಕೆ ಎರಡು ವರ್ಷ ಮುಲಾಮು ಹಚ್ಚಿದೆವು, ಈಗ ಅದು ವೆರಿಕೋಸ್ ವೇಯ್ನ್ಸ್ ಎನ್ನುತ್ತಿದ್ದಾರೆ: ತಿಳಿದವರು ದಾರಿ ತೋರಿಸಿ

ದಾವಣಗೆರೆ_ಮಗಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ 51 ವರ್ಷ. ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ರಾತ್ರಿ ಎಂಟೂವರೆಯವರೆಗೂ ನಿಂತೇ ಇರಬೇಕು. ಮದುವೆಯ ಕಾಲದಲ್ಲಿ ಇನ್ನೂ ತಡವಾಗುತ್ತದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲೂ ಕೂರುವಂತಿಲ್ಲ. ಕೌಂಟರಿನ ಹಿಂದೆ ಕುರ್ಚಿಯನ್ನೇ ಇಟ್ಟಿಲ್ಲ.

ನಾನು ಚಿಕ್ಕವಳಾಗಿದ್ದಾಗಿನಿಂದಲೂ ಅಮ್ಮನ ಎಡಗಾಲಿನ ಮೀನಖಂಡದ ಮೇಲೆ ನೀಲಿ ಹಗ್ಗದಂತೆ ಸುತ್ತಿಕೊಂಡಿರುವ ನರವನ್ನು ನೋಡಿದ್ದೇನೆ. ಕೇಳಿದರೆ "ನಿನ್ನ ಅಜ್ಜಿಗೂ ಹೀಗೇ ಇತ್ತು, ಏನೂ ಆಗುವುದಿಲ್ಲ" ಎನ್ನುತ್ತಿದ್ದರು. ಎರಡೂವರೆ ವರ್ಷದ ಹಿಂದೆ ಒಳಹರಡಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿತು, ಕೆರೆತ ಶುರುವಾಯಿತು. ಮೊದಲು ಔಷಧಿ ಅಂಗಡಿಯ ಮುಲಾಮು, ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಇಸುಬು ಎಂದು ಬರೆದುಕೊಟ್ಟ ಮುಲಾಮು. ಕಳೆದ ದೀಪಾವಳಿಯ ವ್ಯಾಪಾರ ಮುಗಿಯುವ ಹೊತ್ತಿಗೆ ಕೆರೆದ ಜಾಗ ಒಡೆದು ಹುಣ್ಣಾಯಿತು. ನಾಲ್ಕು ತಿಂಗಳಾದರೂ ಮಾಯ್ದಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಎರಡು ಸಲ ಪರೀಕ್ಷೆ ಮಾಡಿಸಿದ್ದೇವೆ.

ಕಳೆದ ವಾರ ಬೇರೊಬ್ಬ ವೈದ್ಯರ ಬಳಿ ಹೋದೆವು. ಅವರು ಅಮ್ಮನನ್ನು ನಿಲ್ಲಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಸಿ ನೋಡಿದರು. ಅಲ್ಲಿಯವರೆಗೆ ಯಾರೂ ಹಾಗೆ ನೋಡಿರಲಿಲ್ಲ. ಎಲ್ಲರೂ ಹುಣ್ಣನ್ನಷ್ಟೇ ನೋಡಿದ್ದರು. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ವೆರಿಕೋಸ್ ವೇಯ್ನ್ಸ್, ಅಂದರೆ ಉಬ್ಬಿದ ರಕ್ತನಾಳ ಎಂದರು, ಲೇಸರ್ ಚಿಕಿತ್ಸೆ ಮಾಡಿಸಿ ಎಂದರು. ಅಮ್ಮ ಹೆದರಿದ್ದಾರೆ. ನರವನ್ನೇ ಸುಟ್ಟುಬಿಟ್ಟರೆ ಕಾಲಿನ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಹುಣ್ಣು ಇರುವಾಗಲೇ ಇದನ್ನು ಮಾಡಬಹುದೇ? ಮಾಡಿಸಿದ ಮೇಲೆ ಮತ್ತೆ ಅದೇ ಅಂಗಡಿಯಲ್ಲಿ ನಿಂತರೆ ಗತಿಯೇನು?

ಹಾಸನದ_ಶುಶ್ರೂಷಕಿ · ಸೋಮವಾರ ರಾತ್ರಿ

ತಂಗಿ, ನಿಮ್ಮ ಪ್ರಶ್ನೆಗಳಿಗೆ ವೈದ್ಯರು ಉತ್ತರ ಕೊಡಲಿ. ಅದಕ್ಕೆ ಮೊದಲು ಇವತ್ತು ರಾತ್ರಿಯಿಂದಲೇ ಮಾಡಬೇಕಾದದ್ದನ್ನು ಹೇಳುತ್ತೇನೆ. ಅಮ್ಮ ಮಲಗುವಾಗ ಮಂಚದ ಕಾಲಿನ ಕಡೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡಿ. ಬರೀ ಹಿಮ್ಮಡಿಯ ಕೆಳಗೆ ದಿಂಬು ಇಟ್ಟರೆ ಮೊಣಕಾಲು ನೋಯುತ್ತದೆ, ನಿದ್ದೆಯಲ್ಲಿ ದಿಂಬು ಜಾರಿಹೋಗುತ್ತದೆ. ಹಗಲಿನಲ್ಲಿ ಕೂತಾಗಲೂ ಕಾಲನ್ನು ಮಣೆಯ ಮೇಲಲ್ಲ, ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ಇಡಬೇಕು. ಅದಕ್ಕೆ ಮಲಗಲೇಬೇಕಾಗುತ್ತದೆ.

ಹುಣ್ಣಿಗೆ ಹಚ್ಚುತ್ತಿರುವ ಮುಲಾಮು, ಪುಡಿ, ಅರಿಸಿನ ಎಲ್ಲವನ್ನೂ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಇಂಥ ಕಾಲಿನ ಚರ್ಮಕ್ಕೆ ಮುಲಾಮಿನಿಂದಲೇ ಅಲರ್ಜಿಯಾಗಿ ಕೆರೆತ ಹೆಚ್ಚಾಗುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಶುದ್ಧ ನೀರಿನಲ್ಲಿ ತೊಳೆದು, ಅಂಟಿಕೊಳ್ಳದ ಪಟ್ಟಿ ಇಟ್ಟು, ಅದರ ಮೇಲೆ ಒತ್ತಡದ ಬ್ಯಾಂಡೇಜ್ ಕಟ್ಟಬೇಕು. ಹುಣ್ಣನ್ನು ಮಾಯಿಸುವುದು ಆ ಒತ್ತಡ.

ಆದರೆ ಬ್ಯಾಂಡೇಜನ್ನು ನೀವೇ ಬಿಗಿಯಾಗಿ ಕಟ್ಟಬೇಡಿ. ಮೊದಲು ಕೈಯ ರಕ್ತದೊತ್ತಡವನ್ನೂ ಹರಡಿನ ರಕ್ತದೊತ್ತಡವನ್ನೂ ಅಳೆದು ಹೋಲಿಸಿ ನೋಡಬೇಕು. ಕಾಲಿಗೆ ರಕ್ತ ತರುವ ನಾಳವೇ ಕಿರಿದಾಗಿದ್ದರೆ ಬಿಗಿ ಪಟ್ಟಿಯಿಂದ ಬೆರಳುಗಳಿಗೆ ರಕ್ತ ನಿಂತುಹೋಗಬಹುದು. ಬೀಡಿ ಸೇದುವವರು, ಸಕ್ಕರೆ ಕಾಯಿಲೆ ಇರುವವರು ಈ ಪರೀಕ್ಷೆಯಿಲ್ಲದೆ ಬಿಗಿ ಕಾಲುಚೀಲವನ್ನೂ ಹಾಕಿಕೊಳ್ಳಬಾರದು.

ರಕ್ತನಾಳ_ಶಸ್ತ್ರವೈದ್ಯ_ಬೆಂಗಳೂರು · ಮಂಗಳವಾರ ಬೆಳಿಗ್ಗೆ

ಮೇಲಿನ ಸಹೋದರಿ ಬರೆದದ್ದು ಅಕ್ಷರಶಃ ಸರಿ. ನಾನು ನಿಮ್ಮ ತಾಯಿಯವರನ್ನು ಪರೀಕ್ಷಿಸಿಲ್ಲ, ಹಾಗಾಗಿ ಅವರಿಗೆ ಯಾವ ಚಿಕಿತ್ಸೆ ಎಂದು ಹೇಳುವ ಹಕ್ಕು ನನಗಿಲ್ಲ. ಕಾಯಿಲೆ ಏನೆಂದು ಹೇಳಬಲ್ಲೆ.

ಮೊದಲು ಆ "ನರ" ಎಂಬ ಪದದ ವಿಷಯ. ನಮ್ಮ ಮಾತಿನಲ್ಲಿ ಮೆದುಳಿನ ಸಂದೇಶ ಒಯ್ಯುವ ತಂತುವೂ ನರ, ರಕ್ತ ಹರಿಯುವ ಕೊಳವೆಯೂ ನರ. ಇದರಿಂದ ನಿಜವಾದ ಹಾನಿಯಾಗುತ್ತಿದೆ. "ನರ ಉಬ್ಬಿದೆ" ಎಂದುಕೊಂಡು ನರಕ್ಕೆ ಶಕ್ತಿ ಕೊಡುವ ವಿಟಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರು ನನ್ನ ಬಳಿ ಬರುತ್ತಾರೆ. ಉಬ್ಬಿರುವುದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಮಾತ್ರೆಯಿಂದ ಅದರ ಶಕ್ತಿ ಹೆಚ್ಚುವುದಿಲ್ಲ.

ಪಾದದಿಂದ ಹೃದಯಕ್ಕೆ ರಕ್ತ ಮೇಲೇರಬೇಕು. ಬಾವಿಯಿಂದ ಕೊಡ ಸೇದುವುದನ್ನು ನೆನಪಿಸಿಕೊಳ್ಳಿ. ಒಂದು ಕೈ ಹಗ್ಗ ಎಳೆಯುತ್ತದೆ. ಆ ಕೈ ಬಿಟ್ಟು ಮುಂದಿನ ಹಿಡಿತಕ್ಕೆ ಹೋಗುವಾಗ ಇನ್ನೊಂದು ಕೈ ಹಗ್ಗವನ್ನು ಹಿಡಿದಿರುತ್ತದೆ. ಕಾಲಿನಲ್ಲಿ ಎಳೆಯುವ ಕೈ ಎಂದರೆ ಮೀನಖಂಡದ ಸ್ನಾಯು. ಪ್ರತಿ ಹೆಜ್ಜೆಗೂ ಅದು ಬಿಗಿದು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಹಿಡಿದಿರುವ ಕೈ ಎಂದರೆ ನಾಳದೊಳಗಿನ ಕವಾಟಗಳು. ರಕ್ತವನ್ನು ಮೇಲೆ ಬಿಟ್ಟು ಕೆಳಗೆ ಇಳಿಯದಂತೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ಆ ಹಿಡಿತ ಸಡಿಲವಾದರೆ ಕೊಡ ಜಾರಿ ಮತ್ತೆ ನೀರಿಗೆ ಬೀಳುತ್ತದೆ. ನಿಶ್ಚಲವಾಗಿ ನಿಂತಾಗ ಹರಡಿನ ಬಳಿಯ ನಾಳದಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡ ಇರುತ್ತದೆ. ಆರೋಗ್ಯವಂತ ಕಾಲಿನಲ್ಲಿ ನಡೆಯತೊಡಗಿದ ಕೂಡಲೇ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟ ಕಾಲಿನಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ನಿಮ್ಮ ತಾಯಿ ಹತ್ತೊಂಬತ್ತು ವರ್ಷ ಆ ಒತ್ತಡದ ಮೇಲೆ ನಿಂತಿದ್ದಾರೆ.

ಒತ್ತಡ ತಾಳಲಾರದೆ ಕೆಂಪು ರಕ್ತಕಣಗಳು ಸಣ್ಣ ನಾಳಗಳಿಂದ ಹೊರಗೆ ಜಿನುಗುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶ ಚರ್ಮದಲ್ಲೇ ಉಳಿದು ತುಕ್ಕಿನ ಬಣ್ಣ ಬರುತ್ತದೆ. ಆಮೇಲೆ ಕೆರೆತ, ಚರ್ಮ ಗಟ್ಟಿಯಾಗುವುದು, ಕೊನೆಗೆ ಹುಣ್ಣು. ವೈದ್ಯಕೀಯದಲ್ಲಿ ಇದನ್ನು ಸೊನ್ನೆಯಿಂದ ಆರರವರೆಗೆ ಹಂತಗಳಾಗಿ ಗುರುತಿಸುತ್ತೇವೆ. ಜೇಡರ ಬಲೆಯಂಥ ಸಣ್ಣ ಗೆರೆಗಳು ಒಂದು, ಮೂರು ಮಿಲಿಮೀಟರ್ ಅಥವಾ ಹೆಚ್ಚು ದಪ್ಪದ ಉಬ್ಬಿದ ನಾಳ ಎರಡು, ಊತ ಮೂರು, ಚರ್ಮದ ಬದಲಾವಣೆ ನಾಲ್ಕು, ಮಾಯ್ದ ಹುಣ್ಣು ಐದು, ಮಾಯದ ಹುಣ್ಣು ಆರು. ಒಳಹರಡಿನ ಮೇಲ್ಭಾಗದಲ್ಲಿ ಕಂದು ಕಲೆ ಕಂಡರೆ ಚರ್ಮಕ್ಕೆ ಔಷಧಿ ಬರೆಯುವ ಮುನ್ನ ರೋಗಿಯನ್ನು ನಿಲ್ಲಿಸಿ ಇಡೀ ಕಾಲನ್ನು ನೋಡಬೇಕು. ಮಲಗಿಸಿ ನೋಡಿದರೆ ನಾಳ ಖಾಲಿಯಾಗಿ ಏನೂ ಕಾಣದೆಯೂ ಇರಬಹುದು. ನಿಮ್ಮ ತಾಯಿಯವರನ್ನು ಅಷ್ಟು ದಿನ ಯಾರೂ ನಿಲ್ಲಿಸಿ ನೋಡಲಿಲ್ಲ ಎಂದು ಓದಿ ಮನಸ್ಸಿಗೆ ನೋವಾಯಿತು.

ಇನ್ನು ರಕ್ತ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ನಾಳಗಳು ಎರಡು ಪದರಗಳಲ್ಲಿವೆ. ಸ್ನಾಯುಗಳ ನಡುವೆ ಇರುವ ಆಳದ ನಾಳಗಳು ಕಾಲಿನ ರಕ್ತದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಒಯ್ಯುತ್ತವೆ. ಚರ್ಮದ ಕೆಳಗಿನವು ಉಪನಾಳಗಳು. ಕೆಟ್ಟ ಉಪನಾಳ ರಕ್ತವನ್ನು ಮೇಲಕ್ಕೆ ಒಯ್ಯುತ್ತಲೇ ಇಲ್ಲ, ಕೆಳಕ್ಕೆ ಸುರಿಯುತ್ತಿದೆ. ಅದನ್ನು ಮುಚ್ಚಿದರೆ ರಕ್ತ ಒಳ್ಳೆಯ ನಾಳಗಳ ಮೂಲಕ ಹೋಗುತ್ತದೆ, ಕಾಲು ಹಗುರವಾಗುತ್ತದೆ. ಆಳದ ನಾಳಗಳು ತೆರೆದಿವೆಯೇ ಎಂದು ಡಾಪ್ಲರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಇದನ್ನು ಮಾಡುವುದು.

ಹುಣ್ಣು ಇರುವಾಗಲೇ ಮಾಡಬಹುದೇ? ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಪ್ರಶ್ನೆಯನ್ನು ಕೇಳಿತು. ಎಲ್ಲರಿಗೂ ಒತ್ತಡದ ಬ್ಯಾಂಡೇಜ್ ಕಟ್ಟಿದರು. ಅರ್ಧದಷ್ಟು ಜನರಿಗೆ ಎರಡು ವಾರದೊಳಗೆ ನಾಳ ಮುಚ್ಚುವ ಚಿಕಿತ್ಸೆ ಮಾಡಿದರು, ಉಳಿದವರಿಗೆ ಹುಣ್ಣು ಮಾಯುವವರೆಗೆ ಅಥವಾ ಆರು ತಿಂಗಳವರೆಗೆ ಕಾದರು. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು ಮಾಯಲು 56 ದಿನ ಹಿಡಿಯಿತು, ಎರಡನೆಯ ಗುಂಪಿನಲ್ಲಿ 82 ದಿನ. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎಂಬ ಹಳೆಯ ರೂಢಿಯನ್ನು ಬಿಡಲು ನನಗೆ ಅಷ್ಟು ಸಾಕಾಯಿತು.

ನಿವೃತ್ತ_ಮೇಷ್ಟ್ರು_ಧಾರವಾಡ · ಮಂಗಳವಾರ ಮಧ್ಯಾಹ್ನ

ನಾನು ಮೂವತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತವನು. ನಾಲ್ಕು ವರ್ಷದ ಹಿಂದೆ ಬಲಗಾಲಿಗೆ ಲೇಸರ್ ಮಾಡಿಸಿಕೊಂಡೆ. ಹೆದರಿದವರಿಗೆ ನೆರವಾಗಲೆಂದು ಹೇಳುತ್ತೇನೆ.

ಪೂರ್ತಿ ಅರಿವಳಿಕೆ ಕೊಡಲಿಲ್ಲ. ಮೊಣಕಾಲಿನ ಬಳಿ ಸೂಜಿ ಚುಚ್ಚಿ, ಸ್ಕ್ಯಾನ್ ಪರದೆ ನೋಡುತ್ತ ತೊಡೆಸಂದಿನ ಹತ್ತಿರದವರೆಗೂ ತೆಳ್ಳನೆಯ ತಂತಿ ತೂರಿಸಿದರು. ನಾಳದ ಸುತ್ತ ಮರಗಟ್ಟಿಸುವ ತಣ್ಣನೆಯ ದ್ರವವನ್ನು ಉದ್ದಕ್ಕೂ ಚುಚ್ಚಿದರು. ನಿಜ ಹೇಳಬೇಕೆಂದರೆ ನೋವಾದದ್ದು ಅದೊಂದೇ, ಹತ್ತು ಹನ್ನೆರಡು ಚುಚ್ಚುಗಳು. ಆಮೇಲೆ ಲೇಸರ್ ಹಾಯಿಸುತ್ತ ತಂತಿಯನ್ನು ಹಿಂದಕ್ಕೆ ಎಳೆದುಕೊಂಡರು. ಮುಗಿದ ಅರ್ಧ ಗಂಟೆಗೆ ನನ್ನನ್ನು ನಡೆಸಿದರು. ಸಂಜೆ ಮನೆಗೆ ಬಂದೆ. ತೊಡೆಯ ಒಳಭಾಗ ಹತ್ತು ದಿನ ಹಸಿರುಗಟ್ಟಿತ್ತು, ಒಳಗೆ ಹಗ್ಗ ಬಿಗಿದಂತೆ ಎಳೆತ ಇತ್ತು. ಹರಡಿನ ಬಳಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಆರು ತಿಂಗಳು ಜೋಮು ಹಿಡಿದಿತ್ತು, ಈಗ ಸರಿಯಾಗಿದೆ.

ಇತಿಹಾಸ ಕಲಿಸಿದವನಾದ್ದರಿಂದ ಒಂದು ಮಾತು. ರೋಮನ್ ಸೇನಾಪತಿ ಮಾರಿಯಸ್‌ನ ಎರಡೂ ಕಾಲುಗಳಲ್ಲಿ ಹೀಗೇ ನಾಳಗಳು ಉಬ್ಬಿದ್ದವಂತೆ. ಕಟ್ಟಿಹಾಕಲು ಬಿಡದೆ, ಅಲುಗಾಡದೆ ಒಂದು ಕಾಲಿನ ನಾಳಗಳನ್ನು ಕೊಯ್ಯಿಸಿಕೊಂಡ, ಇನ್ನೊಂದು ಕಾಲನ್ನು ಕೊಡಲಿಲ್ಲ. ಇಷ್ಟು ನೋವಿಗೆ ಈ ಗುಣ ಸಾಲದು ಎಂದನೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ನನ್ನ ಎಡಗಾಲಿಗೂ ಕಳೆದ ವರ್ಷ ಮಾಡಿಸಿದೆ. ಯಾರೂ ಕಟ್ಟಿಹಾಕುವ ಮಾತೆತ್ತಲಿಲ್ಲ.

ಗದಗ_ಬಸ್ಸಿನವ · ಮಂಗಳವಾರ ಸಂಜೆ

ಎಲ್ಲರೂ ಲೇಸರ್ ಹೊಗಳುತ್ತಿದ್ದೀರಿ. ನಾನು ಬಸ್ ನಿರ್ವಾಹಕ. ನನ್ನ ಷಡ್ಡಕರು ಸಾಲ ಮಾಡಿ ಲೇಸರ್ ಮಾಡಿಸಿದರು, ಮೂರನೇ ವರ್ಷಕ್ಕೆ ಮತ್ತೆ ಉಬ್ಬಿತು. ನನಗೂ ಎರಡೂ ಮೀನಖಂಡಗಳಲ್ಲಿ ಇದೆ. ಸಂಜೆಗೆ ಭಾರ, ರಾತ್ರಿ ಕಾಲು ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ. ಹುಣ್ಣಿಲ್ಲ, ಕಲೆಯಿಲ್ಲ. ಕಾಲುಚೀಲ ಹಾಕಿಕೊಂಡೇ ಇರಬಾರದೇಕೆ? ಮತ್ತೆ ಬರುವುದಕ್ಕೆ ದುಡ್ಡು ಏಕೆ ಸುರಿಯಬೇಕು?

ರಕ್ತನಾಳ_ಶಸ್ತ್ರವೈದ್ಯ_ಬೆಂಗಳೂರು · ಮಂಗಳವಾರ ರಾತ್ರಿ

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ಮತ್ತೆ ಬರುವುದು ಉಂಟು, ಅದನ್ನು ಮೊದಲೇ ಹೇಳದಿದ್ದರೆ ತಪ್ಪು ವೈದ್ಯರದು. ನಾವು ಮುಚ್ಚುವುದು ಈಗ ಕೆಟ್ಟಿರುವ ನಾಳವನ್ನು. ಅದನ್ನು ಕೆಡಿಸಿದ ವಂಶದ ಗುಣ, ನಿಲ್ಲುವ ಕೆಲಸ ಹಾಗೆಯೇ ಉಳಿಯುತ್ತವೆ. ಮುಂದೆ ಇನ್ನೊಂದು ನಾಳ ಸೋಲಬಹುದು. ಕೆಲವು ಸಲ ಮೊದಲ ಸ್ಕ್ಯಾನಿನಲ್ಲೇ ಕೆಟ್ಟ ಕವಲೊಂದು ತಪ್ಪಿಹೋಗಿರುತ್ತದೆ. ಸ್ಕ್ಯಾನನ್ನು ನಿಂತ ಭಂಗಿಯಲ್ಲಿ ಮಾಡಿಸಬೇಕು, ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಎಷ್ಟು ಹೊತ್ತು ಕೆಳಕ್ಕೆ ಹರಿಯುತ್ತದೆ ಎಂದು ಅಳೆಯಬೇಕು. ಮೇಲ್ಪದರದ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚಾದರೆ ಕವಾಟ ಸೋತಿದೆ ಎಂದರ್ಥ. ನಿಮ್ಮ ವರದಿಯಲ್ಲಿ ಆ ಅಂಕಿ ಇರಲೇಬೇಕು, ಇಲ್ಲದಿದ್ದರೆ ಕೇಳಿ.

ನಿಮ್ಮದು ಎರಡನೇ ಹಂತದಂತೆ ಕೇಳಿಸುತ್ತದೆ. ಅವಸರವಿಲ್ಲ. ಕಾಲುಚೀಲದಿಂದ ಭಾರ, ಊತ ಕಡಿಮೆಯಾಗುತ್ತವೆ. ಅದನ್ನು ಹಾಕಿಕೊಂಡಿರುವಷ್ಟು ಹೊತ್ತು ಮಾತ್ರ ಅದರ ಗುಣ, ನಾಳ ಗುಣವಾಗುವುದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2013ರಲ್ಲೇ ತೊಂದರೆ ಕೊಡುವ ನಾಳಕ್ಕೆ ಮೊದಲು ಶಾಖದಿಂದ ಮುಚ್ಚುವ ಚಿಕಿತ್ಸೆ, ಅದು ಹೊಂದದಿದ್ದರೆ ನಾಳವನ್ನು ಮುಚ್ಚುವ ನೊರೆಯ ಚುಚ್ಚುಮದ್ದು, ಅದೂ ಹೊಂದದಿದ್ದರೆ ಶಸ್ತ್ರಕ್ರಿಯೆ, ಇವು ಯಾವುವೂ ಆಗದವರಿಗೆ ಕಾಲುಚೀಲ ಎಂಬ ಕ್ರಮ ಹಾಕಿತು. ನಮ್ಮಲ್ಲಿ ಹಣದ ಪ್ರಶ್ನೆ ಬೇರೆ ಇದೆ, ಅದನ್ನು ಒಪ್ಪುತ್ತೇನೆ. ಲೇಸರ್ ಒಂದೇ ಎಂದೂ ತಿಳಿಯಬೇಡಿ. ರೇಡಿಯೋ ತರಂಗದ ತಂತಿಯೂ ಅದೇ ಕೆಲಸ ಮಾಡುತ್ತದೆ: ನಾಳವನ್ನು ಏಳೇಳು ಸೆಂಟಿಮೀಟರಿನಂತೆ 120 ಡಿಗ್ರಿಯಲ್ಲಿ ಇಪ್ಪತ್ತು ಸೆಕೆಂಡು ಕಾಯಿಸುತ್ತದೆ. ಅಂಟಿನಿಂದ ಮುಚ್ಚುವ ವಿಧಾನವೂ ಬಂದಿದೆ, ಅದು ದುಬಾರಿ. ಯಾರಾದರೂ ಸ್ಕ್ಯಾನ್ ನೋಡದೆಯೇ ಎರಡೂ ಕಾಲುಗಳಿಗೆ ಮಾಡಿಸಿ ಎಂದರೆ ಎದ್ದು ಬನ್ನಿ.

ಮಲೆನಾಡಿನ_ವೈದ್ಯ · ಬುಧವಾರ ಬೆಳಿಗ್ಗೆ

ನಾನು ಆಯುರ್ವೇದ ವೈದ್ಯ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಐದು ಬಗೆಯ ಗ್ರಂಥಿಗಳನ್ನು, ಅಂದರೆ ಗಂಟುಗಳನ್ನು ಹೇಳಿದೆ, ಅದರಲ್ಲಿ ಸಿರಾಜ ಗ್ರಂಥಿ ಒಂದು. ಉಬ್ಬಿದ ಸಿರೆಯ ಈ ಕಾಯಿಲೆಯನ್ನು ಅದರೊಂದಿಗೆ ಹೊಂದಿಸಿ ನೋಡುತ್ತೇವೆ. ನನ್ನಲ್ಲಿಗೆ ಜಿಗಣೆ ಚಿಕಿತ್ಸೆ ಕೇಳಿಕೊಂಡು ಜನ ಬರುತ್ತಾರೆ. ಕೆರೆತ, ಉರಿ, ಸುತ್ತಲಿನ ಬಿಗಿತ ಇಳಿದದ್ದನ್ನು ನನ್ನ ಅನುಭವದಲ್ಲಿ ಕಂಡಿದ್ದೇನೆ. ಸೋತ ಕವಾಟ ಜಿಗಣೆಯಿಂದ ಸರಿಹೋಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವವರನ್ನು ನಂಬಬೇಡಿ. ಡಾಪ್ಲರ್ ಇಲ್ಲದೆ ನಾನು ಕಾಲನ್ನು ಮುಟ್ಟುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜಿಗಣೆ ಬೇಡವೇ ಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಉಬ್ಬಿದ ನಾಳದ ಮೇಲೆ ಎಣ್ಣೆ ಹಾಕಿ ಬಲವಾಗಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅನಾಹುತವಾದೀತು. ಬಿಸಿನೀರಿನ ಶಾಖವೂ ಬೇಡ, ನಾಳ ಇನ್ನಷ್ಟು ಹಿಗ್ಗುತ್ತದೆ.

ತೀರ್ಥಹಳ್ಳಿ_ಸೊಸೆ · ಬುಧವಾರ ಮಧ್ಯಾಹ್ನ

ಬಿಸಿನೀರು ಎಂದಾಗ ಕೈ ನಡುಗಿತು. ನಮ್ಮ ಮಾವನವರಿಗೆ ಹರಡಿನ ಹತ್ತಿರ ದ್ರಾಕ್ಷಿಯಂತೆ ಒಂದು ನಾಳ ಉಬ್ಬಿತ್ತು, ಮೇಲಿನ ಚರ್ಮ ಕಾಗದದಷ್ಟು ತೆಳುವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಅವರು ಬಚ್ಚಲಿನಲ್ಲಿ ಹಂಡೆಯ ಬಿಸಿನೀರು ಹೊಯ್ದುಕೊಳ್ಳುತ್ತಿದ್ದಾಗ ಅದು ಒಡೆಯಿತು. ನೋವೇ ಆಗಲಿಲ್ಲವಂತೆ. ನೀರು ಕೆಂಪಾದದ್ದನ್ನು ಕಂಡು ಕೂಗಿದರು. ನಾವು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿನ ಕೆಳಗೆ ಪಂಚೆಯಿಂದ ಬಿಗಿಯಾಗಿ ಕಟ್ಟಿದೆವು. ರಕ್ತ ಇನ್ನೂ ಜೋರಾಗಿ ಚಿಮ್ಮಿತು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಓಡಿಬಂದು ಪಂಚೆ ಬಿಚ್ಚಿಸಿ, ನೆಲದ ಮೇಲೆ ಮಲಗಿಸಿ, ಕಾಲನ್ನು ಗೋಡೆಗೆ ಎತ್ತಿ ಒರಗಿಸಿ, ಮಡಿಸಿದ ಬಟ್ಟೆಯಿಂದ ಆ ಜಾಗವನ್ನೇ ಒತ್ತಿ ಹಿಡಿದರು. ಎರಡು ನಿಮಿಷದಲ್ಲಿ ನಿಂತಿತು. ಆ ಹೊತ್ತಿಗೆ ಬಚ್ಚಲಿನಿಂದ ಪಡಸಾಲೆಯವರೆಗೂ ರಕ್ತ.

ಹಾಸನದ_ಶುಶ್ರೂಷಕಿ · ಬುಧವಾರ ಮಧ್ಯಾಹ್ನ

ಆ ಹೆಣ್ಣುಮಗಳಿಗೆ ನನ್ನ ನಮಸ್ಕಾರ ತಿಳಿಸಿ. ಎಲ್ಲರೂ ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ಒಡೆದ ಜಾಗಕ್ಕಿಂತ ಮೇಲುಗಡೆ ಬಿಗಿಯಾಗಿ ಕಟ್ಟಿದರೆ ಹೃದಯಕ್ಕೆ ಹಿಂದಿರುಗುವ ದಾರಿ ಮುಚ್ಚಿ ಒತ್ತಡ ಇನ್ನೂ ಏರುತ್ತದೆ, ಅದಕ್ಕೇ ಜೋರಾಗಿ ಚಿಮ್ಮಿದ್ದು. ಮಲಗಿಸಿ, ಕಾಲೆತ್ತಿ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಒಮ್ಮೆ ಒಡೆದದ್ದು ಮತ್ತೆ ಒಡೆಯಬಹುದು. ಒಬ್ಬರೇ ಇದ್ದಾಗ ತಲೆಸುತ್ತಿ ಬಿದ್ದು ಪ್ರಾಣ ಹೋದದ್ದೂ ಉಂಟು.

ಇದರ ಜೊತೆಗೆ, ಒಂದು ಕಾಲು ಮಾತ್ರ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ. ಎದೆನೋವು, ಏದುಸಿರು ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ.

ಏಳು_ತಿಂಗಳು · ಬುಧವಾರ ರಾತ್ರಿ

ನಾನು ಗರ್ಭಿಣಿ, ಎರಡೂ ಕಾಲುಗಳಲ್ಲಿ ಈಗ ಕಾಣಿಸಿಕೊಂಡಿದೆ. ಈ ಚರ್ಚೆ ಓದಿ ಭಯವಾಗುತ್ತಿದೆ.

ಹಾಸನದ_ಶುಶ್ರೂಷಕಿ · ಬುಧವಾರ ರಾತ್ರಿ

ಭಯ ಬೇಡಮ್ಮ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುತ್ತದೆ, ಹಾರ್ಮೋನಿನಿಂದ ನಾಳದ ಗೋಡೆ ಸಡಿಲಾಗುತ್ತದೆ, ಗರ್ಭಕೋಶ ಮೇಲಿನಿಂದ ಒತ್ತುತ್ತದೆ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಲ್ಲಿ ಬಹಳಷ್ಟು ಇಳಿದುಹೋಗುತ್ತದೆ. ಈಗ ಲೇಸರ್, ಚುಚ್ಚುಮದ್ದು ಯಾವುದನ್ನೂ ಮಾಡುವುದಿಲ್ಲ. ಎಡಮಗ್ಗುಲಾಗಿ ಮಲಗಿ, ನಡೆಯಿರಿ, ಕಾಲುಚೀಲದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಆಗಲೇ ಹೇಳಿದ ಒಂದೇ ಕಾಲಿನ ಊತ ಮಾತ್ರ ನೆನಪಿರಲಿ, ಬಸಿರಿನಲ್ಲೂ ಬಾಣಂತನದಲ್ಲೂ ಅದರ ಅಪಾಯ ಹೆಚ್ಚು. ಬಾಣಂತಿಯನ್ನು ಮೂರು ತಿಂಗಳು ಮಂಚದಿಂದ ಇಳಿಸದಿರುವ ಮನೆಗಳಿವೆ. ನೀವು ಎದ್ದು ಓಡಾಡಿ.

ಕಾಸರಗೋಡಿನವಳು · ಗುರುವಾರ ಬೆಳಿಗ್ಗೆ

ದಾವಣಗೆರೆಯ ತಂಗಿಯ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮತ್ತೆ ಅದೇ ಅಂಗಡಿಯಲ್ಲಿ ನಿಂತರೆ ಏನು ಗತಿ ಎಂದು ಅವರು ಕೇಳಿದ್ದರು. ನನಗೆ ಈ ಇಡೀ ಚರ್ಚೆಯಲ್ಲಿ ಅದೇ ಮುಖ್ಯವಾಗಿ ಕಂಡಿತು. ಇಲ್ಲಿ ಬರೆದವರನ್ನೇ ನೋಡಿ: ಅಂಗಡಿಯವರು, ಮೇಷ್ಟ್ರು, ಬಸ್ಸಿನವರು. ಎಲ್ಲರೂ ನಿಂತು ದುಡಿದವರು.

ನಾನು ಕಾಸರಗೋಡಿನ ಕನ್ನಡತಿ, ಎಂಟು ವರ್ಷ ಜವಳಿ ಅಂಗಡಿಯಲ್ಲಿದ್ದೆ. ಕೇರಳದಲ್ಲಿ ಇದೇ ನೋವಿನಿಂದ ಹೋರಾಟ ಹುಟ್ಟಿತು. ಕೋಳಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರು ಅಂಗಡಿಗಳ ಹೆಣ್ಣುಮಕ್ಕಳನ್ನು ಸೇರಿಸಿ ಪೆಣ್‌ಕೂಟ್ಟ್ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. ಗೋಡೆಗೆ ಒರಗಿದ್ದಕ್ಕೂ ಸಂಬಳ ಹಿಡಿಯುತ್ತಿದ್ದ ಕಾಲವದು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡು ಕೂಡ ಅಂಥದೇ ತಿದ್ದುಪಡಿ ಮಾಡಿತು. ಕಾರ್ಖಾನೆಗಳಿಗಂತೂ ಇಡೀ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮೇ ಇತ್ತು: ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ, ತಪಾಸಣೆ ವಿಭಾಗದಲ್ಲಿ ನಿಲ್ಲುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಈ ಕಲಮನ್ನು ಯಾರಾದರೂ ಓದಿ ಹೇಳಿದ್ದಾರೆ?

ಅಮ್ಮನನ್ನು ಕೆಲಸ ಬಿಡಿಸಿ ಎಂದು ನಾನು ಹೇಳಲಾರೆ. ಮನೆ ನಡೆಯಬೇಕು. ಒಂದು ಸ್ಟೂಲ್ ಕೇಳಿ. ಒಬ್ಬರೇ ಕೇಳಬೇಡಿ, ಆ ಅಂಗಡಿಯ ನಾಲ್ಕು ಜನ ಸೇರಿ ಕೇಳಿ, ವೈದ್ಯರ ಚೀಟಿ ಕೈಯಲ್ಲಿರಲಿ.

ಬೆಂಗಳೂರು_ಲೆಕ್ಕಿಗ · ಗುರುವಾರ ಸಂಜೆ

ಹಣದ ಬಗ್ಗೆ. ಅಮ್ಮನ ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು, ಅಂಗಡಿಯಲ್ಲಿ ಹತ್ತು ಅಥವಾ ಹೆಚ್ಚು ಜನರಿದ್ದರೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇರಬೇಕು. ಸಂಬಳ ಚೀಟಿಯಲ್ಲಿ 0.75 ಶೇಕಡಾ ಕಡಿತ ಇದೆಯೇ ನೋಡಿ. ಇದ್ದರೆ ಅವರ ಚಿಕಿತ್ಸೆ ಇ.ಎಸ್.ಐ. ಮೂಲಕ ಆಗಬೇಕು, ರಜೆಯ ದಿನಗಳಿಗೂ ಭತ್ಯೆ ಉಂಟು. ಇಲ್ಲದಿದ್ದರೆ ಬಿ.ಪಿ.ಎಲ್. ಕಾರ್ಡು ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯ ಮಿತ್ರರನ್ನು ಕಂಡು ಸರ್ಕಾರಿ ಆರೋಗ್ಯ ಯೋಜನೆಯಡಿ ಏನೇನು ಸಿಗುತ್ತದೆ ಎಂದು ಕೇಳಿ. ಖಾಸಗಿಯಲ್ಲಿ ಹಣ ಕಟ್ಟಿದ ಮೇಲೆ ಅಲ್ಲ, ಕಟ್ಟುವ ಮೊದಲೇ ಹೋಗಿ.

ದಾವಣಗೆರೆ_ಮಗಳು · ಹತ್ತು ವಾರಗಳ ನಂತರ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಎಲ್ಲರ ಮಾತುಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಬಾವಿ ಸೇದುವ ಹೋಲಿಕೆ ಕೇಳಿ "ಹೌದಲ್ಲ, ಕೈ ಸೋತಿದೆ ಅಷ್ಟೇ" ಎಂದರು. ಭಯ ಅಲ್ಲಿಗೆ ಅರ್ಧ ಇಳಿಯಿತು.

ಕೈಕಾಲಿನ ಒತ್ತಡ ಹೋಲಿಸಿ ನೋಡಿದರು, ಸರಿಯಾಗಿತ್ತು. ಬ್ಯಾಂಡೇಜ್ ಶುರುಮಾಡಿ ಹನ್ನೆರಡನೇ ದಿನಕ್ಕೆ ಚಿಕಿತ್ಸೆಯಾಯಿತು. ಇ.ಎಸ್.ಐ. ಇತ್ತು, ಹತ್ತೊಂಬತ್ತು ವರ್ಷ ಕಡಿತವಾಗುತ್ತಿದ್ದರೂ ನಾವು ಒಮ್ಮೆಯೂ ಬಳಸಿರಲಿಲ್ಲ. ಓಡಾಟ ಬಹಳವಾಯಿತು, ಆದರೆ ಸಾಲ ಮಾಡಲಿಲ್ಲ. ಹುಣ್ಣು ಐದು ರೂಪಾಯಿ ನಾಣ್ಯದಷ್ಟಿತ್ತು, ಈಗ ಕಡಲೆ ಬೇಳೆಯಷ್ಟಿದೆ. ಕಂದು ಕಲೆ ಹಾಗೆಯೇ ಇದೆ, ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ.

ಅಂಗಡಿಯಲ್ಲಿ ಆರು ಜನ ಸೇರಿ ಕೇಳಿದರು. ಅಮ್ಮ ಸೀರೆಯನ್ನು ಎತ್ತಿ ಬ್ಯಾಂಡೇಜ್ ಕಟ್ಟಿದ ಕಾಲನ್ನು ಮಾಲೀಕರಿಗೆ ತೋರಿಸಿದರಂತೆ. ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಮರುದಿನ ಮೂರು ಸ್ಟೂಲ್ ಬಂದವು. ಹದಿನಾಲ್ಕು ಜನರಿಗೆ ಮೂರು. ಸರದಿಯ ಮೇಲೆ ಕೂರುತ್ತಿದ್ದಾರೆ.

ಈಗ ಒಂದು ಸಣ್ಣ ಪ್ರಶ್ನೆ. ಹುಣ್ಣು ಪೂರ್ತಿ ಮಾಯ್ದ ಮೇಲೆ ಬ್ಯಾಂಡೇಜ್ ಬದಲು ಎರಡನೇ ದರ್ಜೆಯ ಒತ್ತಡದ ಕಾಲುಚೀಲ ಎಂದಿದ್ದಾರೆ. ಈಗಲೇ ಬಲಗಾಲಿಗೆ ಹಾಕಿ ಅಭ್ಯಾಸ ಮಾಡುತ್ತಿದ್ದಾರೆ. ಅದನ್ನು ಏರಿಸುವುದೇ ಒಂದು ಯುದ್ಧ, ಕಾಲುಂಗುರಕ್ಕೆ ಸಿಕ್ಕಿ ಎಳೆ ಕಿತ್ತುಬಂತು. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗುವುದಿಲ್ಲ. ಇನ್ನೊಂದು ಜೊತೆ ಕೊಳ್ಳಬೇಕೇ?

ಹಾಸನದ_ಶುಶ್ರೂಷಕಿ · ಅದೇ ರಾತ್ರಿ

ಕಡಲೆ ಬೇಳೆಯಷ್ಟು ಎಂದು ಓದಿ ಕಣ್ಣು ತುಂಬಿತು ತಂಗಿ.

ಎರಡು ಜೊತೆ ಬೇಕೇಬೇಕು. ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು, ಇಳಿದ ಮೇಲೆ ಕಾಲು ತುಂಬಿಕೊಳ್ಳುತ್ತದೆ. ಚೀಲವನ್ನು ಹಿಮ್ಮಡಿಯವರೆಗೆ ಒಳಹೊರಗು ಮಾಡಿ ಮೊದಲು ಪಾದ ಸೇರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಮೇಲಕ್ಕೆ ಸವರಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಉಗುರು ತಾಗುವುದಿಲ್ಲ. ಬೆರಳುಗಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿ ಅದರ ಮೇಲೆ ಏರಿಸಿ, ಕಾಲುಂಗುರಕ್ಕೆ ಸಿಗುವುದಿಲ್ಲ. ಚೀಲದ ಬೆರಳಿನ ಕಡೆ ತೆರೆದಿದ್ದರೆ ಆಮೇಲೆ ಅದನ್ನು ಮುಂದಿನಿಂದ ಎಳೆದುಕೊಳ್ಳಬಹುದು. ಮೇಲ್ತುದಿಯನ್ನು ಎಂದಿಗೂ ಮಡಿಸಬೇಡಿ, ಆ ಮಡಿಕೆಯೇ ಹುರಿಯಂತೆ ಬಿಗಿಯುತ್ತದೆ. ತಣ್ಣೀರಿನಲ್ಲಿ ಒಗೆದು, ಹಿಂಡದೆ, ಟವಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಆಗ ಮತ್ತೆ ಹರಡು, ಮೀನಖಂಡ ಅಳೆಸಿ ಹೊಸದು ಕೊಳ್ಳಿ. ಅಳತೆಯನ್ನು ಬೆಳಿಗ್ಗೆಯೇ ಕೊಡಬೇಕು.